ಗದಿಗೆವ್ವನ ಖಾನಾವಳಿಯ ಬಿಳಿ ಅರಿವೆಗಳು

ಗದಗ ಬೇರೆ ಜಿಲ್ಲೆಯಾದ ಮರುವರ್ಷ ಗದಿಗೆವ್ವ ಮುಂಡರಗಿಯಲ್ಲಿ ಖಾನಾವಳಿ ಹಾಕಿದಳು. ಅಲ್ಲಿಯತನಕ ಕಚೇರಿ ಕೆಲಸವೆಂದರೆ ಧಾರವಾಡಕ್ಕೇ ಹೋಗಬೇಕಿದ್ದ ನಮ್ಮ ಸೀಮೆಯ ಜನ ಈಗ ಗದಗಿಗೆ ಹೋಗಿ ಸಂಜೆಯೊಳಗೆ ಮನೆ ಸೇರುವಂತಾಯಿತು. ಬಸ್ಸುಗಳು ಹೆಚ್ಚಿದವು, ಬಸ್ಸಿಗಾಗಿ ಕಾಯುವವರು ಹೆಚ್ಚಿದರು, ಕಾಯುತ್ತ ಹಸಿದವರೂ ಹೆಚ್ಚಿದರು. ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಉದ್ದನೆಯ ಕೋಣೆ, ಅದರ ಹಿಂದೆ ಅಡುಗೆಯ ಜಾಗ, ಮುಂದೆ ಕಲ್ಲು ಹಾಸಿದ ಕಟ್ಟೆ. ಇಷ್ಟರಲ್ಲಿ ಅವಳ ವ್ಯಾಪಾರ ಶುರುವಾಯಿತು.

ಅವಳ ಗಂಡ ಗವಿಸಿದ್ದಪ್ಪ ಮೊದಲು ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ದುಡಿಯುತ್ತಿದ್ದವನು. ಜಿನ್ನು ಬಾಗಿಲು ಹಾಕಿದ ಮೇಲೆ ಸೌಟು ಹಿಡಿದ. ಮಾತು ಕಡಿಮೆ, ಕೈರುಚಿ ಹೆಚ್ಚು. ಬದನೆಯ ಎಣಗಾಯಿ, ಕಡಲೆಹಿಟ್ಟಿನ ಝುಣಕ, ಹೆಸರುಕಾಳಿನ ಪಲ್ಯ ಅವನದು. ರೊಟ್ಟಿ ಬಡಿಯುವುದು, ಬಂದವರನ್ನು ಕೂರಿಸುವುದು, ಜಗಳ ಬಿದ್ದರೆ ಜಗಳ ಬಿಡಿಸುವುದು ಗದಿಗೆವ್ವನದು. ಡಂಬಳದ ಒಕ್ಕಲು ಮನೆಯಿಂದ ಬಂದವಳಾದ್ದರಿಂದ ತಟ್ಟೆಯಲ್ಲಿ ರೊಟ್ಟಿ ಬಿಟ್ಟೇಳುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಯಾಕ್ರಿ, ಸುಟ್ಟೈತೇನು? ಸುಟ್ಟಿದ್ರ ಬ್ಯಾರೆ ಕೊಡ್ತೀನಿ. ಸುಟ್ಟಿಲ್ಲಂದ್ರ ತಿಂದ ಏಳ್ರಿ" ಎನ್ನುತ್ತಿದ್ದಳು. ಹೀಗೆ ಗದರಿಸಿಕೊಂಡು ಉಂಡವರು ಮರುದಿನವೂ ಬರುತ್ತಿದ್ದರು. ನಾನೂ ಅವರಲ್ಲಿ ಒಬ್ಬ. ಅಂಚೆ ಕಚೇರಿಯಲ್ಲಿ ನೌಕರಿ ಮಾಡಿದಷ್ಟು ಕಾಲವೂ ನನ್ನ ಮಧ್ಯಾಹ್ನದ ಊಟ ಅಲ್ಲಿಯೇ.

ಆಮೇಲೆ ಎಷ್ಟೋ ವರ್ಷ ಕಳೆದು, ಎದುರಿನ ಡಾಂಬರು ರಸ್ತೆಗೆ ಅಂದಾನಪ್ಪನ ಹೋಟೆಲು ಬಂತು. ಗಾಜಿನ ಬಾಗಿಲು, ಬಣ್ಣದ ದೀಪ, ಪ್ರತಿ ಮೇಜಿನ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಳಿ ಪೇಪರ್. ಗದಿಗೆವ್ವನ ಗಿರಾಕಿಗಳು ಎಣ್ಣೆಗೈ ಹಿಡಿದುಕೊಂಡು ಆಚೀಚೆ ನೋಡತೊಡಗಿದರು.

"ಅಕ್ಕಾರ, ಟಿಶ್ಯೂ ಇಲ್ಲೇನ್ರಿ?"

ಅಲ್ಲಿಯವರೆಗೆ ಎಲ್ಲರೂ ಕೈ ತೊಳೆದು ತಮ್ಮ ಕರವಸ್ತ್ರಕ್ಕೋ, ಹೆಗಲ ಮೇಲಿನ ಟವೆಲ್ಲಿಗೋ ಒರೆಸಿಕೊಳ್ಳುತ್ತಿದ್ದರು. ಈಗ ಅದೇ ಜನಕ್ಕೆ ಪೇಪರ್ ಬೇಕಾಯಿತು. ಗದಗಿನ ಕಾಲೇಜಿಗೆ ಹೋಗಿ ಬರುತ್ತಿದ್ದ ಮಗಳು ಸುಶ್ಮಿತಾ, "ಎಲ್ಲಾ ಕಡೆ ಇಡ್ತಾರವ್ವಾ, ನಾವೂ ಇಡೂಣು" ಎಂದಳು. ಗದಿಗೆವ್ವ ಒಪ್ಪಿದಳು. ಮೇಜಿಗೆ ಮಡಚಿದ ಪೇಪರ್ ಬಂತು. ಅದರ ಹಿಂದೆಯೇ, ತಟ್ಟೆ ಒರೆಸಲು, ಕಟ್ಟೆ ಒರೆಸಲು, ಮೆಣಸಿನಕಾಯಿ ಬಜ್ಜಿಯ ಎಣ್ಣೆ ಇಳಿಸಲು ಅಡುಗೆಮನೆಗೂ ಪೇಪರಿನ ದೊಡ್ಡ ಸುರುಳಿಗಳು ಬಂದವು.

ಬರಲು ಶುರುವಾದದ್ದು ನಿಲ್ಲಲಿಲ್ಲ. ಒಂದು ಎಳೆದರೆ ಸಾಕಾಗುವಲ್ಲಿ ಜನ ಹಿಡಿಗಟ್ಟಲೆ ಎಳೆದರು. ಉಣ್ಣುವ ಮೊದಲೇ ಮುಖದ ಧೂಳು ಒರೆಸಿಕೊಂಡವರಿದ್ದರು, ಬಸ್ಸಿನ ಕನ್ನಡಿ ಒರೆಸಲೆಂದು ಒಯ್ದ ಡ್ರೈವರುಗಳಿದ್ದರು. ವಾರಕ್ಕೊಮ್ಮೆ ಗದಗಿನಿಂದ ಬರುತ್ತಿದ್ದ ಪೇಪರಿನ ಪೆಟ್ಟಿಗೆಗಳು ನೋಡನೋಡುತ್ತ ಖಾಲಿಯಾಗುತ್ತಿದ್ದವು. ಎಣ್ಣೆಯ ಡಬ್ಬಿಗೆ ಕೊಡುವಷ್ಟೇ ದುಡ್ಡನ್ನು ಈಗ ಒರೆಸಿ ಎಸೆಯುವ ಪೇಪರಿಗೂ ಕೊಡಬೇಕಾಗಿತ್ತು. ಉಂಡವರ ಹೊಟ್ಟೆಗೆ ಮಾತ್ರ ಅದರಿಂದ ಏನೂ ಹೋಗುತ್ತಿರಲಿಲ್ಲ.

ಒಂದು ದಿನ ಗವಿಸಿದ್ದಪ್ಪ ಮುಂದಿನ ಕರಿಹಲಗೆಯ ಮೇಲೆ ಊಟದ ಹೊಸ ದರ ಬರೆದ. ಗದಿಗೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿದಳು.

"ಯಾಕ ಏರಿಸಿದಿ?"

"ಪೇಪರ್ ಭಾಳ ತಿನ್ನಾಕತ್ತೈತಿ."

"ಪೇಪರ್ ತಿಂದದ್ದಕ್ಕ ಕಾಲೇಜ್ ಹುಡುಗೂರು ರೊಕ್ಕಾ ಕೊಡಬೇಕೇನು?" ಎಂದು ಸೆರಗಿನಿಂದ ಆ ದರವನ್ನು ಅಳಿಸಿ ಹಳೆಯದನ್ನೇ ತಾನು ಬರೆದು ಒಳಗೆ ಹೋದಳು. ಅಳಿಸಿದ್ದೇನೋ ಸರಿ, ಮುಂದೆ ಹೇಗೆ ಎನ್ನುವುದು ಅವಳಿಗೂ ತಿಳಿದಿರಲಿಲ್ಲ.

ಆ ವಾರವೇ ಜೋರು ಮಳೆ ಬಂತು. ಓಣಿಯ ಗಟಾರ ತುಂಬಿತು. ನೀರು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬಂದು ಅಡುಗೆಮನೆಯೊಳಗೆ ನುಗ್ಗಿತು. ಒಲೆ ಆರಿತು, ಹಿಟ್ಟಿನ ಚೀಲದ ತಳ ತೊಯ್ದಿತು. ಗವಿಸಿದ್ದಪ್ಪ ಕೋಲು ಹಾಕಿ ಗಟಾರ ಕೆದಕಿದಾಗ ಮೇಲೆ ಬಂದದ್ದು ಬಿಳಿ ಮುದ್ದೆ. ಉಂಡವರು ಕೈ ತೊಳೆಯುವಲ್ಲೇ ಎಸೆದಿದ್ದ, ನೆನೆದು, ಉಬ್ಬಿ, ಗಂಜಿಯಂತೆ ಅಂಟಿಕೊಂಡಿದ್ದ ಪೇಪರು. ಬುಟ್ಟಿಗಟ್ಟಲೆ ತೆಗೆದರೂ ಮುಗಿಯಲಿಲ್ಲ. ಅಕ್ಕಪಕ್ಕದ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತು ಗದಿಗೆವ್ವನನ್ನೇ ನೋಡುತ್ತಿದ್ದರು. ಅಂದು ಖಾನಾವಳಿಗೆ ರಜೆ. ಅದು ಶುರುವಾದ ಮೇಲೆ ಹಬ್ಬವಿಲ್ಲದ ದಿನ ಬಾಗಿಲು ಹಾಕಿದ್ದು ಅದೇ ಮೊದಲು.

ಮೂರು ಅಂಗಡಿ ಆಚೆ ಮುಮ್ತಾಜಳ ಗಾದಿಯ ಅಂಗಡಿ. ಅವಳ ತವರು ಲಕ್ಷ್ಮೇಶ್ವರ. ತವರು, ಗಂಡನ ಮನೆ ಎರಡೂ ಕಡೆಯವರು ಹತ್ತಿ ಹಿಂಜಿ ಗಾದಿ ತುಂಬುವ ನದಾಫರು. ಗಂಡ ಹತ್ತಿ ಹಿಂಜುತ್ತಿದ್ದ, ಇವಳು ಹೊಲಿಗೆ ಯಂತ್ರದ ಮುಂದೆ ಕೂತು ಗಾದಿಯ ಗವಸು, ತಲೆದಿಂಬಿನ ಚೀಲ ಹೊಲಿಯುತ್ತಿದ್ದಳು. ಅಂದು ತನ್ನ ಕೆಲಸ ಬಿಟ್ಟು ಬಂದು ಸೀರೆ ಎತ್ತಿ ಕಟ್ಟಿಕೊಂಡು ನೀರು ತೋಡಲು ನಿಂತಳು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ಮುಮ್ತಾಜ ಸೊಂಟದಿಂದ ಒಂದು ಚೌಕದ ಅರಿವೆ ತೆಗೆದು ಕೈ ಒರೆಸಿಕೊಂಡು ಗದಿಗೆವ್ವನ ಕಡೆ ಚಾಚಿದಳು. ಹಳೆಯ ಧೋತರದ ತುಂಡು. ಎಷ್ಟು ಮೆತ್ತಗಿತ್ತೆಂದರೆ ಒಮ್ಮೆ ಒತ್ತಿದರೆ ಕೈಯ ನೀರೆಲ್ಲ ಹೀರಿಕೊಂಡಿತು.

ಗದಿಗೆವ್ವ ಆ ತುಂಡನ್ನು ತಿರುವಿ ತಿರುವಿ ನೋಡಿದಳು.

"ಮುಮ್ತಾಜ, ಇಂಥಾವ ಒಂದ ರಾಶಿ ಹೊಲದ ಕೊಡ್ತೀ ಏನು?"

"ಯಾತಕ್ಕ?"

"ಖಾನಾವಳಿಗೆ. ಬಂದಾವ್ರಿಗೆಲ್ಲ ಕೈ ಒರಸಾಕ. ಒರಸೂದು, ಒಗಿಯೂದು, ಮತ್ತ ಇಡೂದು. ಸಾಕಾತು ಈ ಪೇಪರ್ ಸಹವಾಸ."

"ಹೊಲಿಯೂದೇನ ದೊಡ್ಡದಲ್ಲ. ಆದ್ರ ಹೊಸಾ ಅರಿವಿ ನೀರ ಕುಡಿಯಂಗಿಲ್ಲ. ಮೊದಲ ಅದರ ಗಂಜಿ ಬಿಡಸಬೇಕು. ಪುರುಸೊತ್ತ ಮಾಡ್ಕೋ."

ಗದಿಗೆವ್ವನಿಗೆ ಪುರುಸೊತ್ತು ಎಲ್ಲಿಯದು? ಮರುದಿನವೇ ಬೆಟಗೇರಿಗೆ ಹೋಗಿ ಮಗ್ಗದವರ ಹತ್ತಿರ ಬಿಳಿ ಹತ್ತಿ ಬಟ್ಟೆಯ ದೊಡ್ಡ ಥಾನು ತಂದಳು. ಮುಮ್ತಾಜ ಎರಡು ದಿನ ಬಿಡದೆ ಕತ್ತರಿಸಿ ಅಂಚು ಹೊಲಿದಳು. ಗಂಜಿ ಬಿಡಿಸುವ ಮಾತನ್ನು ಮತ್ತೊಮ್ಮೆ ಎತ್ತಿದರೆ ಗದಿಗೆವ್ವ, "ನಾಳೆ ಸಂತಿ ಐತಿ, ನಾಳೆನ ಇಡಬೇಕು" ಎಂದು ಗಂಟು ಹೊತ್ತುಕೊಂಡು ಹೋದಳು.

ಸಂತೆಯ ದಿನ ಖಾನಾವಳಿ ಕಿಕ್ಕಿರಿದಿತ್ತು. ಮೇಜಿನ ಮೇಲೆ ಹೊಸ ಅರಿವೆಗಳು ಗರಿಗರಿಯಾಗಿ ಕೂತಿದ್ದವು. ಜನ ಕೈ ತೊಳೆದು ಬಂದು ಒರೆಸಿಕೊಂಡರು. ನೀರು ಕೈಯ ಮೇಲೇ ಉಳಿಯಿತು. ಮೇಜು ಒರೆಸಿದರೆ ಸಾರು ಈ ಬದಿಯಿಂದ ಆ ಬದಿಗೆ ಹರಿಯಿತು. ಕಂಡಕ್ಟರ್ ಒಬ್ಬ ಅರಿವೆಯನ್ನು ಎತ್ತಿ ಹಿಡಿದು, "ಅಕ್ಕಾರ, ಇದು ಅರಿವಿ ಐತ್ಯೋ, ಲಗ್ನಪತ್ರ ಐತ್ಯೋ?" ಎಂದ. ಇಡೀ ಖಾನಾವಳಿ ನಕ್ಕಿತು. ಗದಿಗೆವ್ವ ಎಲ್ಲ ಅರಿವೆಗಳನ್ನು ಒಟ್ಟುಗೂಡಿಸಿ, ಉಳಿದಿದ್ದ ಪೇಪರಿನ ಪೆಟ್ಟಿಗೆ ಒಡೆದು ಮೇಜಿಗಿಟ್ಟಳು. ಅಂದು ರೊಟ್ಟಿ ಬಡಿದ ಸದ್ದು ನಿಲ್ದಾಣದವರೆಗೂ ಕೇಳಿಸಿತೆಂದು ಆಮೇಲೆ ಗವಿಸಿದ್ದಪ್ಪ ನನಗೆ ಹೇಳಿದ.

ಸಂಜೆ ಅವಳೇ ಮುಮ್ತಾಜಳ ಅಂಗಡಿಗೆ ಹೋದಳು. ಮುಮ್ತಾಜ ಯಂತ್ರ ನಿಲ್ಲಿಸಿದಳು. ಹೇಳಿರಲಿಲ್ಲವೇ ಎಂದು ಕೇಳಲಿಲ್ಲ.

"ನಾಳೆ ಹೊಳಿಗೆ ಹೋಗೂಣು" ಎಂದಳು. "ಇಷ್ಟ ಅರಿವಿ ನಳದ ನೀರಾಗ ಆಗೂದಲ್ಲ."

ಮರುದಿನ ಮಧ್ಯಾಹ್ನದ ಊಟ ಮುಗಿಸಿ ಟಂಟಂ ಗಾಡಿಯೊಂದನ್ನು ಬಾಡಿಗೆಗೆ ಮಾಡಿಕೊಂಡು ಹೊಳೆದಂಡೆಯ ಕೊರ್ಲಹಳ್ಳಿಗೆ ಹೋದರು. ಮುಮ್ತಾಜ, ಗದಿಗೆವ್ವ, ಸುಶ್ಮಿತಾ, ಜೊತೆಗೆ ಖಾನಾವಳಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹನಮಂತವ್ವ. ತುಂಗಭದ್ರೆ ತುಂಬಿ ಇಳಿದಿದ್ದ ದಿನಗಳು. ಬೆಳಿಗ್ಗೆಯಿಂದ ಒಗೆಯುವ ಸೋಡಾ ಹಾಕಿದ ನೀರಲ್ಲಿ ಕುದಿಸಿ ತಂದಿದ್ದ ಅರಿವೆಗಳನ್ನು ಬಂಡೆಯ ಮೇಲೆ ಹಾಕಿ ನಾಲ್ವರೂ ಕುಕ್ಕಿದರು. ಮೊದಲು ಬಿಳಿ ನೊರೆ ಬಂತು, ಆಮೇಲೆ ಹಾಲಿನಂಥ ನೀರು, ಕೊನೆಗೆ ಹೊಳೆಯಂಥದೇ ತಿಳಿ ನೀರು. ಹನಮಂತವ್ವ ಹಿಂಡುವುದರಲ್ಲಿ ಗಟ್ಟಿಗಿತ್ತಿ. ಅವಳು ಹಿಂಡಿ ಕೊಟ್ಟದ್ದನ್ನು ಸುಶ್ಮಿತಾ ಮರಳಿನ ಮೇಲೆ ಹರವುತ್ತ ಹೋದಳು. ಬಿಸಿಲು ಚುರುಕಾಗಿತ್ತು. ಕೊನೆಯದನ್ನು ಹರವುವಷ್ಟರಲ್ಲಿ ಮೊದಲಿನವು ಒಣಗಿದ್ದವು.

ಮುಮ್ತಾಜ ಒಣಗಿದ ಒಂದನ್ನು ತಂದು ಬಂಡೆಯ ಮೇಲೆ ನಿಂತಿದ್ದ ನೀರಿಗೆ ಹಾಕಿದಳು. ಗದಿಗೆವ್ವ ಬಗ್ಗಿ ನೋಡಿದಳು. ನೀರು ಅರಿವೆಯೊಳಗೆ ಏರುತ್ತ ಏರುತ್ತ ಅಂಚು ಮುಟ್ಟಿತು. ಎತ್ತಿದಾಗ ಬಂಡೆ ಒಣಗಿತ್ತು.

"ಈಗ ಕುಡೀತು ನೋಡ" ಎಂದಳು ಮುಮ್ತಾಜ.

ಗದಿಗೆವ್ವ ಆ ಒದ್ದೆ ಅರಿವೆಯನ್ನು ತನ್ನ ಮುಖಕ್ಕೊತ್ತಿಕೊಂಡು ಸುಮ್ಮನೆ ಕೂತಳು. ಅವಳು ಅಷ್ಟು ಹೊತ್ತು ಏನೂ ಮಾಡದೆ ಕೂತದ್ದನ್ನು ತಾನು ಅದಕ್ಕೂ ಮೊದಲು ಕಂಡಿರಲಿಲ್ಲ ಎಂದು ಸುಶ್ಮಿತಾ ಹೇಳುತ್ತಾಳೆ.

ಅರಿವೆ ನೀರು ಕುಡಿಯಿತು, ಆದರೆ ಊರು ಇನ್ನೂ ಒಪ್ಪಬೇಕಿತ್ತು. ಎರಡನೆಯ ಸಲ ಮೇಜಿಗಿಟ್ಟಾಗ ಕೈ ಚೆನ್ನಾಗಿಯೇ ಒಣಗಿತು. ಯಾರೂ ನಗಲಿಲ್ಲ. ನಗುವುದಕ್ಕಿಂತ ಕಷ್ಟದ ಮಾತು ಬಂದದ್ದು ಪುಂಡಲೀಕಪ್ಪನಿಂದ. ಆತ ಹತ್ತಿ ದಲಾಲಿಯಿಂದ ನಿವೃತ್ತನಾದ ಹಿರಿಯ, ದಿನವೂ ಒಂದೇ ಕುರ್ಚಿಯಲ್ಲಿ ಕೂತು ಉಣ್ಣುವವನು, ಮಡಿಯ ಮನುಷ್ಯ. ಅರಿವೆಯನ್ನು ಬೆರಳ ತುದಿಯಿಂದ ದೂರ ಸರಿಸಿದ.

"ಗದಿಗೆವ್ವ, ನಿನ್ನೆ ಇದರಾಗ ಯಾರ ಬಾಯಿ ಒರಸ್ಯಾರೋ ಏನೋ. ಎಂಜಲ ಅರಿವಿ ಮುಟ್ಟು ಅಂದ್ರ ಹೆಂಗ? ಎಂಥೆಂಥಾ ಮಂದಿ ಬರ್ತಾರ ಇಲ್ಲೆ."

"ಎಂಥೆಂಥಾ ಮಂದೀನೂ ಬಂದ್ರನ ಖಾನಾವಳಿ ನಡಿಯೂದ್ರಿ, ಯಜಮಾನ್ರ. ಕುದಿಸಿ ಒಗದೀನ್ರಿ."

"ನೀ ಕುದಿಸಿದ್ದು ನಾ ನೋಡೀನೇನು?"

ಆ ಮಾತಿಗೆ ಇನ್ನೂ ಕೆಲವರು ತಲೆಯಾಡಿಸಿದರು. ಕೈ ಚಾಚಿದ್ದ ಒಬ್ಬಿಬ್ಬರು ಹಿಂತೆಗೆದರು. ಗದಿಗೆವ್ವ ಆ ಅರಿವೆಯನ್ನು ಎತ್ತಿಕೊಂಡು ಒಳಗೆ ಹೋದಳು. ಆದರೆ ಆ ಮಾತನ್ನು ಸುಶ್ಮಿತಾ ಹಿಡಿದುಕೊಂಡಳು. "ಅವರು ಹೇಳಿದ್ದರಾಗ ತಪ್ಪೇನೈತವ್ವಾ? ನೋಡಿಲ್ಲಂತ. ತೋರಿಸಿಬಿಡೂಣು."

ಮಾರನೆಯ ಬೆಳಿಗ್ಗೆ ಹಿತ್ತಲಿನ ತಾಮ್ರದ ಹಂಡೆ ಮುಂದಿನ ಕಟ್ಟೆಯ ಪಕ್ಕಕ್ಕೆ ಬಂತು. ಮೂರು ಕಲ್ಲು, ಕೆಳಗೆ ಕಟ್ಟಿಗೆಯ ಉರಿ. ಹಿಂದಿನ ದಿನದ ಅರಿವೆಗಳೆಲ್ಲ ಅದರಲ್ಲಿ ತಕತಕ ಕುದಿದವು. ಹನಮಂತವ್ವ ಉದ್ದನೆಯ ಕೋಲಿನಿಂದ ತಿರುವಿದಳು. ಬಸ್ಸಿಗೆ ಹೋಗುವವರು ನಿಂತು ನೋಡಿ ಮುಂದೆ ಹೋದರು. ಹಿಂಡಿದ ಅರಿವೆಗಳು ಮಾಳಿಗೆಯ ಮೇಲೆ ಸಾಲಾಗಿ ಹಾರಾಡಿದವು. ನಿಲ್ದಾಣದಲ್ಲಿ ನಿಂತವರಿಗೂ ಅವು ಕಾಣುತ್ತಿದ್ದವು. ಒಬ್ಬರು ಒರೆಸಿದ್ದು ನೇರ ಬುಟ್ಟಿಗೆ, ಬುಟ್ಟಿಯಿಂದ ಹಂಡೆಗೆ. ನಡುವೆ ಇನ್ನೊಬ್ಬರ ಕೈಗೆ ಹೋಗುವ ದಾರಿಯೇ ಇರಲಿಲ್ಲ.

ಮಧ್ಯಾಹ್ನ ಪುಂಡಲೀಕಪ್ಪ ಬಂದ. ಹಂಡೆ ನೋಡಿದ, ಮಾಳಿಗೆ ನೋಡಿದ, ಬಂದು ಕುರ್ಚಿಯಲ್ಲಿ ಕೂತ. ಮುಂದೆ ಅರಿವೆ ಇಟ್ಟರೆ ಮತ್ತೆ ದೂರ ಸರಿಸಿದ. ನಾನು ಅವನ ಎದುರಿಗೇ ಕೂತಿದ್ದೆ. ಗದಿಗೆವ್ವ ರೊಟ್ಟಿಯ ಹಿಟ್ಟಿನಿಂದ ಎದ್ದು ಕೈ ತೊಳೆದು ಬಂದಳು. ಆಗತಾನೇ ಮಾಳಿಗೆಯಿಂದ ಇಳಿಸಿದ್ದ ರಾಶಿಯ ಕಡೆ ತೋರಿಸಿದಳು.

"ಯಜಮಾನ್ರ, ಇದರಾಗ ಯಾವದ ಬೇಕೋ ಅದನ್ನ ನೀವ ಆರಿಸಿ ಕೊಡ್ರಿ."

ಪುಂಡಲೀಕಪ್ಪ ಅನುಮಾನದಿಂದ ರಾಶಿಯ ತಳಕ್ಕೆ ಕೈ ಹಾಕಿ ಒಂದನ್ನು ಎಳೆದುಕೊಟ್ಟ. ಗದಿಗೆವ್ವ ಗಂಡನಿಗೆ ಚಹಾ ತರಲು ಹೇಳಿದಳು. ಸೋಸದ ಚಹಾ. ಖಾಲಿ ಲೋಟದ ಬಾಯಿಗೆ ಆ ಅರಿವೆಯನ್ನು ಹಾಕಿ, ಎಲ್ಲರ ಎದುರಿಗೆ ಅದರ ಮೇಲೆ ಚಹಾ ಸುರಿದು ಸೋಸಿದಳು. ಅರಿವೆಯನ್ನು ಹಿಂಡಿ ಪಕ್ಕಕ್ಕಿಟ್ಟು, ನಿಂತಲ್ಲೇ ಲೋಟ ಎತ್ತಿ ಕೊನೆಯ ಗುಟುಕಿನವರೆಗೂ ಕುಡಿದಳು.

ಖಾಲಿ ಲೋಟವನ್ನು ಪುಂಡಲೀಕಪ್ಪನ ಮುಂದೆ ಬೋರಲು ಹಾಕಿದಳು.

"ನಾ ಕುಡಿದೀನ್ರಿ," ಎಂದಳು ಗದಿಗೆವ್ವ. "ನೀವು ಬರೇ ಕೈ ಒರಸ್ಕೊಳ್ಳಾಕ ಅಂಜತೀರಿ."

ಪುಂಡಲೀಕಪ್ಪ ರಾಶಿಯಿಂದ ಇನ್ನೊಂದು ಅರಿವೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಬಾಯಿಯನ್ನೂ ಒರೆಸಿಕೊಂಡ. "ಇನ್ನೊಂದ ಅರ್ಧಾ ರೊಟ್ಟಿ ಹಾಕ" ಎಂದ. ಅದು ಅವನ ಒಪ್ಪಿಗೆ. ಅವನು ಒಪ್ಪಿದ ಮೇಲೆ ಉಳಿದವರು ಕೇಳುವುದೇನಿತ್ತು? ಅಂದು ಸಂಜೆಯೇ ಉಳಿದ ಪೇಪರನ್ನು ಗವಿಸಿದ್ದಪ್ಪ ಒಲೆ ಹೊತ್ತಿಸಲು ಬಳಸಿದ. ಗದಗಿನ ಏಜೆನ್ಸಿಯವನು ಮುಂದಿನ ವಾರ ಪೆಟ್ಟಿಗೆ ಇಳಿಸಲು ಬಂದಾಗ ಗದಿಗೆವ್ವ ಅವನಿಗೆ ಊಟ ಹಾಕಿ, ಕೈ ಒರೆಸಲು ಅರಿವೆ ಕೊಟ್ಟು, ಪೆಟ್ಟಿಗೆಗಳ ಸಮೇತ ಕಳಿಸಿದಳು.

ಅಡುಗೆಮನೆಗೆ ಮುಮ್ತಾಜ ಬೇರೆ ಅರಿವೆ ಹೊಲಿದಳು. ಪಾತ್ರೆಗೆ ನೀಲಿ ಅಂಚು, ಅಡುಗೆಯ ಕಟ್ಟೆಗೂ ಮೇಜಿಗೂ ಕೆಂಪು ಅಂಚು, ಕೈಗೆ ಮೊದಲಿನಂತೆ ಬಣ್ಣದ ಅಂಚಿಲ್ಲದ ಬಿಳಿ. ಹನಮಂತವ್ವನಿಗೆ ಪಾತ್ರೆಯ ಕೆಲಸ ಬಿಡಿಸಿ, ಪಗಾರ ಹೆಚ್ಚಿಸಿ, ಹಂಡೆಯ ಯಜಮಾನಿಕೆ ಕೊಟ್ಟರು. ಅವಳಿಗಿಷ್ಟು ಕೊಟ್ಟ ಮೇಲೂ, ಸೋಡಾ, ಕಟ್ಟಿಗೆ ಎಲ್ಲ ತೆಗೆದ ಮೇಲೂ, ಪೇಪರಿಗೆ ಹೋಗುತ್ತಿದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಕರಿಹಲಗೆಯ ಮೇಲಿನ ದರಕ್ಕೆ ಯಾರೂ ಕೈ ಹಚ್ಚಲಿಲ್ಲ.

ಆದರೆ ಅರಿವೆಗಳು ಕಡಿಮೆಯಾಗತೊಡಗಿದವು. ಉಂಡವರು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು! ಒಬ್ಬ ಮಾಸ್ತರರು ಸಿಕ್ಕಿಬಿದ್ದಾಗ ನಾಚಿಕೊಂಡು, "ಮನಿಯಾಕಿಗೆ ತೋರಿಸಬೇಕಂತ ಮಾಡಿದ್ದೆ" ಎಂದರು. ಗದಿಗೆವ್ವ ಸಿಟ್ಟಾಗಲಿಲ್ಲ. ಅವರನ್ನು ಮುಮ್ತಾಜಳ ಅಂಗಡಿಗೆ ಕಳಿಸಿದಳು. ಹೀಗೆ ಗಾದಿಯ ಅಂಗಡಿಯ ಮುಂದಿನ ಹಲಗೆಯ ಮೇಲೆ, ತಲೆದಿಂಬುಗಳ ಪಕ್ಕದಲ್ಲಿ, ಹೊಳೆಯಲ್ಲಿ ಒಗೆದು ಮೆತ್ತಗಾದ ಅರಿವೆಗಳ ಕಟ್ಟುಗಳೂ ಮಾರಾಟಕ್ಕೆ ಕೂತವು. ಶಿರಹಟ್ಟಿಯಿಂದ ಬೀಗರ ಮನೆಗೆ ಬಂದವರು ಒಯ್ದರು, ಲಕ್ಷ್ಮೇಶ್ವರದ ಮುಮ್ತಾಜಳ ತವರಿನವರೂ ಹೇಳಿ ಕಳಿಸಿದರು.

ಆ ವರ್ಷ ಲಾರಿಗಳ ಮುಷ್ಕರ ಬಂತು. ಮೊದಲು ಟೊಮೇಟೊ ನಿಂತಿತು, ಆಮೇಲೆ ಒಂದೊಂದಾಗಿ ಎಲ್ಲ. ನಾಲ್ಕೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅಂದಾನಪ್ಪ ತನ್ನ ಗಾಜಿನ ಬಾಗಿಲು ದಾಟಿ, ರಸ್ತೆ ದಾಟಿ ಗದಿಗೆವ್ವನ ಕಟ್ಟೆಗೆ ಬಂದ. ಅಂದು ಸಂಜೆ ಅವನ ಹೋಟೆಲಿನಲ್ಲಿ ದೊಡ್ಡವರೊಬ್ಬರ ಮಗಳ ನಿಶ್ಚಯದ ಊಟ. ಊರಲ್ಲೆಲ್ಲೂ ಪೇಪರ್ ಇರಲಿಲ್ಲ.

"ನಿಮ್ಮ ಅರಿವಿ ಒಂದ ದಿನದ ಮಟ್ಟಿಗೆ ಕೊಡ್ರಿ ಅಕ್ಕಾರ. ಬಾಡಿಗಿ ಕೊಡ್ತೀನಿ."

"ನನ್ನಾವ ನನಗ ಬೇಕು, ತಮ್ಮಾ. ಮುಮ್ತಾಜನ ಕೇಳ್ರಿ. ಆಕಿ ಮಾಲಕಿ."

ಅಂದಾನಪ್ಪ ಗಾದಿಯ ಅಂಗಡಿಗೆ ಹೋದ. ಮುಮ್ತಾಜ ಅವನಿಗೆ ಒಂದು ಗಾದಿ ಹಾಸಿ ಕೂರಿಸಿದಳು. ಅವನು ಹೇಳಿದ್ದನ್ನೆಲ್ಲ ಕೇಳಿ, "ಒಂದ ದಿನಕ್ಕ ಕೊಡಂಗಿಲ್ರಿ. ಬೇಕಂದ್ರ ಖರೀದಿ ಮಾಡ್ರಿ" ಎಂದಳು.

"ಒಂದ ಊಟಕ್ಕ ಅಷ್ಟ ಖರೀದಿ ಮಾಡಿ ನಾಳೆ ಏನ್ ಮಾಡ್ಲಿ?"

"ನಾಳೆ ಒಗೀರಿ. ನಾಡದ ಮತ್ತ ಇಡ್ರಿ. ಒಗಿಯಾಕ ಬರಲಿಲ್ಲಂದ್ರ ಹನಮಂತವ್ವ ಕಲಸ್ತಾಳ."

ಅಂದಾನಪ್ಪ ನಕ್ಕುಬಿಟ್ಟ. ಮುಷ್ಕರ ಮುಗಿದ ಮೇಲೂ ಅವನ ಹೋಟೆಲಿನ ಮೇಜುಗಳಿಗೆ ಪೇಪರ್ ಮರಳಿ ಬರಲಿಲ್ಲ. ಅಡುಗೆಮನೆಗೂ ನೀಲಿ ಅಂಚಿನವು, ಕೆಂಪು ಅಂಚಿನವು ಹೋದವು. ಮುಮ್ತಾಜ ಎರಡನೆಯ ಯಂತ್ರ ತಂದಳು. ಅದರ ಮುಂದೆ ಕೂರಲು ತಂಗಿ ಯಾಸ್ಮೀನಳನ್ನು ಲಕ್ಷ್ಮೇಶ್ವರದಿಂದ ಕರೆಸಿಕೊಂಡಳು.

ಗದಿಗೆವ್ವ ಉಳಿಸಿದ್ದನ್ನು ಏನು ಮಾಡಿದಳೆಂದು ಹೇಳಬೇಕು. ಖಾನಾವಳಿಯ ಪಕ್ಕದ ಕೋಣೆ ಖಾಲಿಯಾದಾಗ ಅದನ್ನು ಬಾಡಿಗೆಗೆ ಹಿಡಿದಳು. ಎಲ್ಲರೂ ಅಲ್ಲಿ ಇನ್ನಷ್ಟು ಮೇಜು ಹಾಕುತ್ತಾಳೆಂದೇ ತಿಳಿದರು. ಅವಳು ಕೆಳಗೆ ಕಡಪ ಕಲ್ಲು ಹಾಕಿಸಿ, ಗೋಡೆಯುದ್ದಕ್ಕೂ ಕಟ್ಟೆ ಕಟ್ಟಿಸಿ, ಒಂದು ಮೂಲೆಯಲ್ಲಿ ತೊಟ್ಟಿಲು ತೂಗುಹಾಕಿಸಿದಳು. ಬಾಗಿಲಿಗೆ ಸುಶ್ಮಿತಾ ಬಣ್ಣದಲ್ಲಿ ಬರೆದಳು: ಹೆಣ್ಣುಮಕ್ಕಳಿಗೆ ಮಾತ್ರ.

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಉಂಡರೂ ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಕೂತು ಉಂಡದ್ದನ್ನು ನಾನು ಕಂಡಿರಲೇ ಇಲ್ಲ. ಗಂಡಸರ ನಡುವೆ ಹೇಗೆ ಕೂರುವುದೆಂದು ಅವರು ನಿಲ್ದಾಣದ ಗೋಡೆಗೆ ಮುಖ ಮಾಡಿ, ಸೆರಗಿನ ಮರೆಯಲ್ಲಿ ಕಟ್ಟಿಕೊಂಡು ಬಂದ ರೊಟ್ಟಿ ಮುರಿದು ತಿನ್ನುತ್ತಿದ್ದರು. ಇಲ್ಲವೇ ಹಸಿದುಕೊಂಡೇ ಬಸ್ಸು ಹತ್ತುತ್ತಿದ್ದರು.

ಕೋಣೆ ತೆರೆದ ದಿನ ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ. ಗದಿಗೆವ್ವ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು. ಆಮೇಲೆ ದವಾಖಾನೆಯಿಂದ ಬಾಣಂತಿ ಮಗಳನ್ನು ಕರೆದುಕೊಂಡು ಹೊರಟಿದ್ದ ಡಂಬಳದ ಕಡೆಯ ಒಬ್ಬ ಮುದುಕಿ ಬಾಗಿಲಲ್ಲಿ ನಿಂತು ಇಣುಕಿದಳು.

"ಒಳಗ ಬರಬಹುದೇನವಾ?"

"ಬರ್ರಿ, ಕುಂಡ್ರಿ. ನಿಮ್ಮದ ಐತಿ ಇದು" ಎಂದು ಗದಿಗೆವ್ವ ಕೂಸನ್ನು ಇಸಿದುಕೊಂಡು ತೊಟ್ಟಿಲಿಗೆ ಹಾಕಿದಳು.

ಅವರ ಹಿಂದೆಯೇ ಸಂತೆಗೆ ಕಾಯಿಪಲ್ಲೆ ತಂದಿದ್ದ ಮೂರ್ನಾಲ್ಕು ಮಂದಿ ಬಂದರು. ನಿಲ್ದಾಣದ ಗೋಡೆಯ ಕಡೆಯಿಂದ ಇನ್ನೂ ಕೆಲವರು ಎದ್ದು ಬಂದರು. ಒಂದು ಹೊತ್ತಿಗೆ ಕಟ್ಟೆ ತುಂಬಿ ಕೆಳಗೂ ಕೂತರು. ಮುಮ್ತಾಜ ಅಂಗಡಿಯನ್ನು ತಂಗಿಗೆ ಬಿಟ್ಟು ಬಂದು ಬಡಿಸಲು ನಿಂತಳು. ಗಂಡಸರ ಕಡೆ ರೊಟ್ಟಿ ತಡವಾಗಿ, ಪುಂಡಲೀಕಪ್ಪ ಒಳಗಿನಿಂದ ಕೂಗಿದ. "ಗದಿಗೆವ್ವ, ನಮಗೇನ ಊಟ ಐತ್ಯೋ ಇಲ್ಲೋ?"

"ಐತ್ರಿ," ಎಂದಳು ಗದಿಗೆವ್ವ ಹೆಣ್ಣುಮಕ್ಕಳ ಕೋಣೆಯಿಂದಲೇ. "ಇವತ್ತ ಮೊದಲ ಇವ್ರಿಗೆ."

ತೊಟ್ಟಿಲಿನ ಕೂಸು ಎದ್ದು ಅಳತೊಡಗಿತು. ಬಾಣಂತಿ ಊಟ ಬಿಟ್ಟು ಏಳುವ ಮೊದಲೇ, ಪಕ್ಕದಲ್ಲಿ ಉಣ್ಣುತ್ತಿದ್ದವರಲ್ಲಿ ಒಬ್ಬಾಕೆ ಎಡಗೈಯಿಂದ ತೊಟ್ಟಿಲು ತೂಗುತ್ತ, ಬಲಗೈಯಿಂದ ರೊಟ್ಟಿ ಮುರಿದು ಎಣಗಾಯಿಗೆ ಹಚ್ಚಿ ಬಾಯಿಗಿಟ್ಟುಕೊಂಡಳು.